ಬಿಸಿಲು ತಪ್ಪಿಸಿಕೊಂಡು ಕಲ್ಯಾಣಕ್ಕೆ

ಅಣ್ಣನನ್ನು ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ಯಲು ನಾನು ಹಿಂದಿನ ಸಂಜೆಯೇ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದಿದ್ದೆ. ನಾನು ಶಾಲಾ ಶಿಕ್ಷಕಿ. ಬೇಸಿಗೆ ರಜೆ ಶುರುವಾಗಿದ್ದರಿಂದ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಗಿನ ಜಾವ ಅಣ್ಣನ ಗೆಳೆಯ ತನ್ನ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ಅಣ್ಣನ ಬಾಯೊಳಗೆಲ್ಲ ಹುಣ್ಣು, ಖಾರ ಮುಟ್ಟುವಂತಿರಲಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಅವನಿಗೆಂದು ಮೆತ್ತಗಿನ ಹೆಸರುಬೇಳೆ ಕಿಚಡಿ ಮಾಡಿ ಡಬ್ಬಿಗೆ ತುಂಬಿದ್ದಳು. ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ. ಸೀಟಿನ ಮೇಲಿಟ್ಟು, ಅಣ್ಣನ ಕಾಲಿನ ಮೇಲೆ ಶಾಲು ಸರಿಮಾಡಿ ಒಳಗೆ ಹೋದಳು.

ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅಣ್ಣನಿಗೆ ರಕ್ತದ ಕ್ಯಾನ್ಸರ್ ಬಂದಾಗ, ಎಲುಬಿನೊಳಗಿನ ಮಜ್ಜೆ ಬದಲಿಸದೆ ಬೇರೆ ದಾರಿಯಿಲ್ಲ ಎಂದಿದ್ದರು ಡಾಕ್ಟರು. ಮನೆಯವರೆಲ್ಲರ ರಕ್ತ ಪರೀಕ್ಷಿಸಿದರು. ಹೊಂದಿದ್ದು ನನ್ನದೊಂದೇ. ನನ್ನ ಸೊಂಟದ ಎಲುಬಿನಿಂದ ತೆಗೆದ ಮಜ್ಜೆ ಅವನ ಮೈಯಲ್ಲಿ ನಾಟಿತು, ಕ್ಯಾನ್ಸರ್ ಹೋಯಿತು. ಅವನ ರಕ್ತದ ಗುಂಪು ಕೂಡ ಬದಲಾಗಿ ನನ್ನ ಗುಂಪೇ ಆಯಿತು. ಓಣಿಗೆಲ್ಲ ಪೇಡೆ ಹಂಚಿದೆವು. ವರ್ಷ ತುಂಬುವ ಮೊದಲೇ ಅವನ ಚರ್ಮ ಕಪ್ಪಾಗಿ ಗಟ್ಟಿಯಾಗತೊಡಗಿತು. ಕಣ್ಣಲ್ಲಿ ನೀರು ಬತ್ತಿತು. ಬೆರಳುಗಳು ಅರ್ಧ ಮಡಚಿಕೊಂಡು ಹಾಗೇ ನಿಂತುಬಿಟ್ಟವು. ಅವನದು ಟಿವಿ, ರೇಡಿಯೋ ರಿಪೇರಿಯ ಅಂಗಡಿ. ಸಣ್ಣ ಸ್ಕ್ರೂ ಹಿಡಿಯಲಾಗದ ದಿನ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದ.

"ತಂಗಿಯಿಂದ ಬಂದ ಬಿಳಿ ರಕ್ತಕಣಗಳು ಇವರ ಮೈಯನ್ನು ಪರರದ್ದು ಅಂದುಕೊಂಡು ಹೊಡೀತಾ ಇವೆ" ಎಂದು ಡಾಕ್ಟರು ಹೇಳಿದಾಗ ವೈನಿ ನನ್ನ ಪಕ್ಕದಲ್ಲೇ ಕೂತಿದ್ದಳು. ಆವತ್ತಿನಿಂದ ಅವಳು ನನ್ನ ಮುಖ ನೋಡಿ ಮಾತಾಡುವುದು ಕಡಿಮೆಯಾಯಿತು. ನಾನೂ ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಸಸ್ತಾಪುರ ಬಂಗಲೆಯ ಹತ್ತಿರ ಹೆದ್ದಾರಿ ಸೇರಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಹುಮನಾಬಾದ್ ದಾಟುವಾಗ ಕಾರ್ಖಾನೆಗಳ ಕಡೆಯಿಂದ ಕಮಟು ವಾಸನೆ ಬಂತು. ಗಾಜು ಏರಿಸಿದೆವು. ಆ ಊರಲ್ಲೇ ಇರುವ ನನಗೆ ಅದು ದಿನದ ವಾಸನೆ. ಆದರೆ ಅಣ್ಣನ ಎದೆಗೆ ಏನಾದೀತೋ ಎಂದು ಭಯ. ಜಹೀರಾಬಾದಿನಲ್ಲಿ ಚಹಾ ಕುಡಿದೆವು. ಅಣ್ಣ ಮಾತ್ರ ಮನೆಯಿಂದ ತಂದ ಕಾಯಿಸಿದ ನೀರು ಕುಡಿದ. ಸಂಗಾರೆಡ್ಡಿ ದಾಟಿದೆವು. ಆಮೇಲೆ ಅಣ್ಣ ಹೇಳಿದ: "ಸರೂ, ಬೆಳಕು ಬಿಟ್ಟು ರಕ್ತ ತೊಳೀತಾರಂತ ಅಂದ್ರ ನನಗ ನಂಬಿಕಿ ಬರವಲ್ದು. ಆದ್ರ ಮಷೀನ್ ನೋಡಬೇಕಂತ ಆಸೆ ಅದ."

ಆಸ್ಪತ್ರೆಯಲ್ಲಿ ಚಿಕಿತ್ಸೆ ಎರಡು ದಿನ. ರಕ್ತವನ್ನು ಒಂದು ತೋಳಿನಿಂದ ತೆಗೆದು ಯಂತ್ರದೊಳಗೆ ತಿರುಗಿಸಿ, ಬಿಳಿ ಕಣಗಳನ್ನಷ್ಟೇ ಚೀಲದಲ್ಲಿ ಹಿಡಿದು, ಉಳಿದದ್ದನ್ನು ಮೈಗೆ ವಾಪಸ್ ಬಿಡುತ್ತಾರೆ. ಚೀಲಕ್ಕೆ ಒಂದು ಔಷಧ ಸೇರಿಸುತ್ತಾರೆ. ಅದು ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಔಷಧ. ಅನಂತರ ಚೀಲವನ್ನು ಪೆಟ್ಟಿಗೆಯಂಥ ಉಪಕರಣದಲ್ಲಿ ಚಪ್ಪಟೆಯಾಗಿ ಮಲಗಿಸಿ, ಮೇಲೆ ಕೆಳಗೆ ನೇರಳೆ ದೀಪ ಹಚ್ಚುತ್ತಾರೆ. ಹಾಗೆ ಬೆಳಕು ಉಂಡ ಕಣಗಳನ್ನು ಮತ್ತೆ ಅಣ್ಣನ ಮೈಗೇ ಬಿಡುತ್ತಾರೆ. ಅವು ಮೆಲ್ಲಗೆ ಸಾಯುತ್ತವೆ, ಸಾಯುವಾಗ ಉಳಿದ ಕಣಗಳ ರೋಷವನ್ನೂ ತಗ್ಗಿಸುತ್ತವೆ. ಡಾಕ್ಟರು ನನಗೆ ತಿಳಿಯುವಂತೆ ಹೇಳಿದ್ದು ಇಷ್ಟು. ಗುಣ ಕಾಣಲು ತಿಂಗಳುಗಟ್ಟಲೆ ಬರುತ್ತಿರಬೇಕು, ಕೆಲವರಿಗೆ ಕಾಣುವುದೇ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಗಟ್ಟಿಯಾದ ಚರ್ಮದಲ್ಲಿ ನರ ಸಿಗದೆ ನರ್ಸ್ ಮತ್ತೆ ಮತ್ತೆ ಚುಚ್ಚಿದಳು. ಅಣ್ಣ ಗೋಡೆ ಕಡೆ ಮುಖ ಮಾಡಿಕೊಂಡಿದ್ದ. ಯಂತ್ರ ತಿರುಗತೊಡಗಿದ ಮೇಲೆ ಅವನ ತುಟಿ ಜುಮುಜುಮು ಅನ್ನತೊಡಗಿತು. ನಾನು ಹೆದರಿ ಎದ್ದು ನಿಂತೆ. ನರ್ಸ್ ಏನೂ ಆಗಿಲ್ಲವೆಂಬಂತೆ ಕ್ಯಾಲ್ಸಿಯಂ ಕೊಟ್ಟಳು, ಅದು ನಿಂತಿತು. ಸಣ್ಣ ಚೀಲ ತುಂಬಿದಾಗ ನೋಡಿದೆ. ಬಿಳಿ ಕಣ ಎನ್ನುತ್ತಾರೆ, ಆದರೆ ಅದು ನೀರು ಬೆರೆಸಿದ ಕೋಕಂ ಹಣ್ಣಿನ ರಸದಂತೆ ಕೆಂಪಗೆ, ಮಬ್ಬಾಗಿತ್ತು. ಅವು ನನ್ನವು. ನನ್ನ ಎಲುಬಿನಿಂದ ಹೊರಟವುಗಳ ಸಂತಾನ. ನನ್ನೊಳಗೆ ಇರುವವು ನನ್ನನ್ನು ಜ್ವರದಿಂದ, ಗಾಯದಿಂದ ಕಾಯುತ್ತಿವೆ. ಅದೇ ಕುಲದವು ಇಲ್ಲಿ ಅಣ್ಣನನ್ನು ತಿನ್ನುತ್ತಿವೆ. ಪೆಟ್ಟಿಗೆಯ ಸಂದಿಯಿಂದ ನೇರಳೆ ಬೆಳಕು ಸೋರಿದಾಗ ಅವು ಸಾಯಲಿ ಎಂದು ಬೇಡಿಕೊಂಡೆ.

ಅಣ್ಣ ಮಲಗಿದಲ್ಲಿಂದಲೇ ಕತ್ತು ಎತ್ತಿ ಪೆಟ್ಟಿಗೆ ನೋಡುತ್ತಿದ್ದ. "ಟ್ಯೂಬ್‌ಲೈಟೇ ಅವ. ಬೆಳಕು ಬ್ಯಾರೆ ಅಷ್ಟೇ" ಅಂದ. ಆ ಎರಡು ದಿನದಲ್ಲಿ ಅವನ ದನಿಯಲ್ಲಿ ಜೀವ ಕಂಡದ್ದು ಆಗ ಮಾತ್ರ.

ಎರಡನೆಯ ದಿನದ ಚಿಕಿತ್ಸೆ ಮುಗಿದಾಗ ಸಂಜೆಯಾಗಿತ್ತು. ನರ್ಸ್ ಕಪ್ಪು ಕನ್ನಡಕ ಕೊಟ್ಟು, ನಾಳೆ ಸಂಜೆಯವರೆಗೆ ಬಿಸಿಲು ತಾಗಬಾರದು ಎಂದಳು. ಆ ಔಷಧ ಸ್ವಲ್ಪ ಮೈಯೊಳಗೂ ಉಳಿದಿರುತ್ತದೆ, ಬಿಸಿಲು ಬಿದ್ದರೆ ಚರ್ಮ, ಕಣ್ಣು ಸುಡಬಹುದು. ಕಿಟಕಿಯ ಗಾಜನ್ನೂ ನಂಬಬೇಡಿ, ಆ ಕಿರಣ ಗಾಜು ದಾಟಿ ಬರುತ್ತದೆ ಎಂದಳು. ಮರುದಿನ ಕೋಣೆಯಲ್ಲೇ ಇದ್ದು ಭಾನುವಾರ ಹೊರಡುವುದು ನಮ್ಮ ಯೋಚನೆಯಾಗಿತ್ತು. ಆದರೆ ಹೈದರಾಬಾದ್ ಕಡೆಯೆಲ್ಲ ಭಾನುವಾರದಿಂದ ಬಂದ್ ಎಂದು ಸುದ್ದಿ ಬಂತು. ಎಷ್ಟು ದಿನವೋ ಯಾರಿಗೂ ಗೊತ್ತಿಲ್ಲ. ನಮ್ಮನ್ನು ಬಿಟ್ಟು ಊರಿಗೆ ಮರಳಿದ್ದ ಗೆಳೆಯನಿಗೆ ಫೋನ್ ಮಾಡಿದರೆ, ಗಡಿ ದಾಟಿ ಕಾರು ತರಲು ಧೈರ್ಯವಿಲ್ಲ ಎಂದ. ನಾವಿದ್ದ ಲಾಡ್ಜಿನಲ್ಲಿ ಪಕ್ಕದ ಕೋಣೆಯವರು ಬಿಡದೆ ಕೆಮ್ಮುತ್ತಿದ್ದರು. ಅಣ್ಣನ ಮೈಯಲ್ಲಿ ರೋಗ ತಡೆಯುವ ಶಕ್ತಿಯನ್ನು ಮಾತ್ರೆಗಳಿಂದ ತಗ್ಗಿಸಿದ್ದರು; ಒಂದು ಸಾದಾ ಕೆಮ್ಮು ಅವನನ್ನು ಕೊಲ್ಲಬಹುದಿತ್ತು. ಆ ರಾತ್ರಿಯೇ ಹೊರಡಲು ಅವನಲ್ಲಿ ತ್ರಾಣವಿರಲಿಲ್ಲ, ಮರುದಿನ ಸಂಜೆಯ ಹೊತ್ತಿಗೆ ಬಸ್ಸುಗಳು ನಿಲ್ಲಬಹುದು ಎನ್ನುತ್ತಿದ್ದರು.

"ನಾಳಿ ಶನಿವಾರ ನಸುಕಿನ್ಯಾಗ ಬಸ್ ಹಿಡಿಯೋಣು. ಬಿಸಿಲು ಏರೂದ್ರಾಗ ಮನಿ ಮುಟ್ಟತೀವಿ" ಎಂದು ಅಣ್ಣನೇ ನಿರ್ಧರಿಸಿದ.

ನಮ್ಮ ಕಡೆಯ ಬಸ್ಸು ಸಿಕ್ಕಿತು. ಪಶ್ಚಿಮಕ್ಕೆ ಹೋಗುವ ದಾರಿ, ಬೆಳಗಿನ ಬಿಸಿಲು ಬಲಗಡೆಯಿಂದ ಬೀಳುತ್ತದೆಂದು ಲೆಕ್ಕ ಹಾಕಿ ಅಣ್ಣನನ್ನು ಎಡಗಡೆ ಕೂರಿಸಿದೆ. ತೋಳು ತುಂಬಿದ ಅಂಗಿ, ಕೈಗೆ ಕಾಲುಚೀಲ, ತಲೆಗೆ ರುಮಾಲು, ಕಪ್ಪು ಕನ್ನಡಕ, ಮೂಗಿಗೆ ಬಟ್ಟೆ. ಕಿಟಕಿಗೆ ನನ್ನ ಸೀರೆಯೊಂದನ್ನು ಕಟ್ಟಿದೆ. ಮುಂದಿನ ಸೀಟಿನಾತ ತಿರುಗಿ ನೋಡಿದ, ಮತ್ತೆ ನೋಡಿದ, ಆಮೇಲೆ ಎದ್ದು ಹಿಂದೆ ಹೋದ. ನಮ್ಮ ಸುತ್ತ ಜಾಗ ಖಾಲಿಯಾಯಿತು. ಸೋಂಕಿನ ಭಯ ತಗ್ಗಿದ್ದರಿಂದ ಅದು ಅನುಕೂಲವೇ ಆಗಿತ್ತು, ಆದರೂ ನನಗೆ ಹಿತವೆನಿಸಲಿಲ್ಲ.

ಜಹೀರಾಬಾದಿನಲ್ಲಿ ಒಬ್ಬ ಹೆಂಗಸು ಹತ್ತಿ ನಮ್ಮ ಪಕ್ಕದ ಸಾಲಿನಲ್ಲೇ ಕೂತಳು. ಐವತ್ತರ ಆಸುಪಾಸು, ಕೈತುಂಬ ಹಸಿರು ಬಳೆ, ತೊಡೆಯ ಮೇಲೆ ಬಟ್ಟೆಯ ಗಂಟು. ಸ್ವಲ್ಪ ಹೊತ್ತು ಅಣ್ಣನನ್ನು ನೋಡಿ, ಮುಚ್ಚುಮರೆಯಿಲ್ಲದೆ ಕೇಳಿದಳು: "ಹತ್ತೂ ಬ್ಯಾನಿ ಏನ್ರಿ ಇವರಿಗಿ?"

"ಇಲ್ರಿ. ಅವರಿಂದ ನಮಗ ಏನೂ ಹತ್ತಂಗಿಲ್ಲ. ನಮ್ಮಿಂದ ಅವರಿಗಿ ಹತ್ತತದ."

ಆಕೆ ಕೂಡಲೇ ಸೆರಗು ಮೂಗಿಗೆ ಅಡ್ಡ ಹಿಡಿದು, "ಹಂಗಾದ್ರ ನಾನೇ ಥೋಡೆ ದೂರ ಕೂಡ್ತೀನಿ" ಎಂದು ಒಂದು ಸೀಟು ಸರಿದಳು. ಹೆಸರು ಮೆಹಬೂಬಬಿ, ಕೊಡಂಬಲ ಎಂಬ ಊರಿನವಳು, ಮಗಳ ಮನೆಗೆ ಹೋಗಿ ಬರುತ್ತಿದ್ದಳು.

ಮನ್ನಾಎಖೇಳಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಬಸ್ಸು ನಿಂತಿತು. ಮುಂದೆ ಲಾರಿಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ಇತ್ತು. ಹುಮನಾಬಾದಿನ ಹತ್ತಿರ ಯಾವುದೋ ರಾಸಾಯನಿಕದ ಟ್ಯಾಂಕರ್ ಮಗುಚಿದೆ, ಹೊಗೆ ಏಳುತ್ತಿದೆ, ಪೊಲೀಸರು ರಸ್ತೆ ಮುಚ್ಚಿದ್ದಾರೆ ಎಂದು ಕಂಡಕ್ಟರ್ ವಿಚಾರಿಸಿಕೊಂಡು ಬಂದ. ಸಂಜೆಯಾದರೂ ಆಗಬಹುದು ಎಂದ. ಸುತ್ತ ಬಿತ್ತನೆಗೆ ಕಾದ ಬೋಳು ಹೊಲ, ಒಂದು ಗಿಡದ ನೆರಳಿಲ್ಲ. ಬಸ್ಸಿನ ತಗಡು ಕಾದು ಒಳಗೆ ಒಲೆಯಂತಾಯಿತು. ಅಣ್ಣನಿಗೆ ಬೆವರು ಬರುವುದಿಲ್ಲ, ಆ ಚರ್ಮದಲ್ಲಿ ಬೆವರುವ ದಾರಿಯೂ ಮುಚ್ಚಿಹೋಗಿತ್ತು. ಅವನ ಉಸಿರು ಗಿಡ್ಡವಾಗತೊಡಗಿತು.

ಚಾಲಕ ಕೊನೆಗೆ ಬಸ್ಸನ್ನು ಮನ್ನಾಎಖೇಳಿಗೆ ವಾಪಸ್ ಒಯ್ಯುವುದಾಗಿ ಹೇಳಿ ತಿರುಗಿಸಿದ. ತಿರುಗಿಸಿದ್ದೇ ತಡ, ಇಷ್ಟು ಹೊತ್ತು ಬಲಗಡೆ ಇದ್ದ ಬಿಸಿಲು ನಮ್ಮ ಕಡೆ ಬಂತು. ಕಟ್ಟಿದ ಸೀರೆ ಗಾಳಿಗೆ ಹಾರಿತು. ಅಣ್ಣನ ಎಡಗೈ ಮೇಲೆ ಬಿಸಿಲಿನ ಪಟ್ಟಿ ಬಿದ್ದದ್ದು ಕಂಡಿತು. ಕಾಲುಚೀಲ ಜಾರಿ ಮಣಿಕಟ್ಟು ಬರಿದಾಗಿತ್ತು. ನಾನು ಅದರ ಮೇಲೆ ನನ್ನ ಎರಡೂ ಅಂಗೈ ಒತ್ತಿ ಹಿಡಿದೆ. ಎಷ್ಟು ಹೊತ್ತಿನಿಂದ ಬಿದ್ದಿತ್ತೋ ನನಗೆ ತಿಳಿಯಲಿಲ್ಲ. ಮೆಹಬೂಬಬಿ ಎದ್ದು ತನ್ನ ಗಂಟು ಬಿಚ್ಚಿ ಚಾದರ ಒಂದನ್ನು ಕಿಟಕಿಗೆ ಅಡ್ಡ ಹಿಡಿದು, ಮನ್ನಾಎಖೇಳಿ ಬರುವವರೆಗೂ ನಿಂತೇ ಇದ್ದಳು.

"ಇಲ್ಲಿ ಎಲ್ಲಿ ಕೂಡಿಸ್ತೀರಿ ಅವರ್ನ? ಜೀಪಿನ್ಯಾಗ ನಮ್ಮ ಮನಿಗಿ ಬರ್ರಿ. ಹೊತ್ತು ಮುಳುಗಿದ ಮ್ಯಾಲ ಚಿಟಗುಪ್ಪಾ ಮ್ಯಾಲಿಂದ ಹುಮನಾಬಾದಕ್ಕ ಹೋಗ್ರಿ" ಅಂದಳು. ಬೇಡ ಎನ್ನಲು ನನ್ನಲ್ಲಿ ಬೇರೆ ಉಪಾಯವಿರಲಿಲ್ಲ. ಅಣ್ಣನಿಗೆ ಚಾದರ ಹೊದಿಸಿ, ಆ ಕಡೆ ಹೋಗುವ ಬಾಡಿಗೆ ಜೀಪಿನ ನಡುವೆ ಕೂರಿಸಿ, ಎರಡೂ ಕಡೆ ನಾವಿಬ್ಬರು ಗೋಡೆಯಂತೆ ಕೂತೆವು.

ಅವಳ ಮನೆ ಕಲ್ಲಿನದು, ಮಣ್ಣಿನ ಮಾಳಿಗೆ. ಒಳಗಿನ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಗಲಲ್ಲೂ ಕತ್ತಲೆ, ತಣ್ಣಗೆ. ನನಗೆ ಹೋದ ಜೀವ ಬಂದಂತಾಯಿತು. ಒಳಗೆ ಕಾಲಿಟ್ಟ ಮೇಲೆ ತೊಗರಿ, ಜೋಳದ ಚೀಲಗಳು ಕಂಡವು, ಹಳೆಯ ಧಾನ್ಯದ ಬೂಷ್ಟು ವಾಸನೆ ಬಂತು. ಹಳೆ ಕಾಳಿನ ಧೂಳು, ಬೂಷ್ಟು ಇವರ ಶ್ವಾಸಕೋಶಕ್ಕೆ ವಿಷ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹೊರಗಿನ ಪಡಸಾಲೆ ಗುಡಿಸಿ ಒರೆಸಿ ಕನ್ನಡಿಯಂತಿತ್ತು, ಆದರೆ ಅಂಗಳದ ಬಿಸಿಲು ಅರ್ಧ ಒಳಗಿತ್ತು. ಹೊಸ್ತಿಲ ಮೇಲೆ ಅಣ್ಣನನ್ನು ಹಿಡಿದುಕೊಂಡು ನಿಂತೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಅದು ನಾನೇ ಆರಿಸಿದ್ದಾಗುತ್ತಿತ್ತು.

ಅಣ್ಣ ಚಾದರದೊಳಗಿಂದ ಹೇಳಿದ: "ಪಡಸಾಲ್ಯಾಗ ಕೂಡಿಸು. ಬಿಸಿಲು ಕಣ್ಣಿಗಿ ಕಾಣತದ, ಅದಕ್ಕ ಅಡ್ಡ ಕಟ್ಟಬಹುದು. ಬೂಷ್ಟು ಕಾಣಂಗಿಲ್ಲ."

ಮೆಹಬೂಬಬಿಯೂ ಅವಳ ಸೊಸೆಯೂ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತಂದು ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು ಜೋಡಿ ಜೋಡಿಯಾಗಿ ಇಳಿಬಿಟ್ಟರು. ಮೂಲೆಯಲ್ಲಿ ಕತ್ತಲೆಯ ಗೂಡೊಂದು ಸಿದ್ಧವಾಯಿತು. ಒದ್ದೆ ಬಟ್ಟೆಯಿಂದ ಅಣ್ಣನ ಕುತ್ತಿಗೆ ಒರೆಸಿದೆ. ಉಸಿರು ಮೆಲ್ಲಗೆ ಉದ್ದವಾಯಿತು. ಆಮೇಲೆ ಧೈರ್ಯ ಮಾಡಿ ಮಣಿಕಟ್ಟು ನೋಡಿದೆ. ಕಪ್ಪು ಚರ್ಮದ ಮೇಲೆ ಕೆಂಪು ಛಾಯೆ ಇತ್ತು. ಬಿಸಿಲಿನದೋ, ಸೂಜಿಯ ಪಟ್ಟಿ ಕಿತ್ತದ್ದರದೋ, ನಾನೇ ಒತ್ತಿ ಹಿಡಿದದ್ದರದೋ?

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮಾಳಿಗೆ ಹತ್ತಿದರೆ ಸಿಗುತ್ತದೆ ಎಂದಳು ಸೊಸೆ. ಏಣಿ ಹತ್ತಿ ಮೇಲೆ ಹೋದೆ. ನೆತ್ತಿಯ ಮೇಲೆ ಸೂರ್ಯ, ಕಾಲಡಿ ಕಾದ ಮಣ್ಣು. ಫೋನ್ ಹತ್ತುವವರೆಗೆ ಆ ಬಿಸಿಲಲ್ಲೇ ನಿಂತಿದ್ದೆ. ನನಗೇನೂ ಆಗಲಿಲ್ಲ. ಅವನದೂ ನನ್ನದೂ ಈಗ ಒಂದೇ ರಕ್ತ; ನಾನು ಬಯಲಲ್ಲಿ, ಅವನು ಕೌದಿಯೊಳಗೆ. ಕೊನೆಗೆ ನರ್ಸ್ ಸಿಕ್ಕಳು. ಎಷ್ಟು ಹೊತ್ತು ಬಿಸಿಲು ಬಿತ್ತು ಎಂದು ಹಿಂದಿಯಲ್ಲಿ ಕೇಳಿದಳು. ಗೊತ್ತಿಲ್ಲ ಎಂದೆ. ಈ ರೀತಿಯ ಚಿಕಿತ್ಸೆಯಲ್ಲಿ ಔಷಧ ಚೀಲಕ್ಕೇ ಹಾಕುವುದರಿಂದ ಮೈಗೆ ಹೋಗುವುದು ಕಡಿಮೆ, ಗಾಬರಿ ಬೇಡ; ಗುಳ್ಳೆ ಎದ್ದರೆ ಅಥವಾ ಜ್ವರ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಎಂದಳು. ಗಾಬರಿ ಬೇಡ ಎಂಬ ಮಾತು ನನ್ನ ಕಿವಿಯಲ್ಲಿ ನಿಲ್ಲಲಿಲ್ಲ. ಗುಳ್ಳೆ, ಜ್ವರ ಎರಡೇ ನಿಂತವು.

ಮಧ್ಯಾಹ್ನವೆಲ್ಲ ಆ ಮಣಿಕಟ್ಟನ್ನು ಕಾದೆ. ಮೈ ಮುಟ್ಟಿದರೆ ಬಿಸಿ. ಆದರೆ ಆ ಹೊತ್ತಿನಲ್ಲಿ ಗೋಡೆ ಮುಟ್ಟಿದರೂ ಬಿಸಿಯಿತ್ತು. ನನ್ನ ಹಣೆ ಮುಟ್ಟಿಕೊಂಡು, ಅವನ ಹಣೆ ಮುಟ್ಟಿ ನೋಡುತ್ತಿದ್ದೆ. ಮೆಹಬೂಬಬಿ ಅಕ್ಕಿ ಗಂಜಿ ಕುದಿಸಿ, ಪಾತ್ರೆಯನ್ನು ಎರಡು ಸಲ ಬಿಸಿನೀರಲ್ಲಿ ತೊಳೆದದ್ದನ್ನು ನನಗೆ ತೋರಿಸಿ, ಕೌದಿಯ ಸಂದಿಯಿಂದ ಒಳಗೆ ಸರಿಸಿದಳು. ಅಣ್ಣ ನಾಲ್ಕು ಗುಟುಕು ಕುಡಿದ.

"ಸರೂ" ಅಂದ. "ನೀ ಇಷ್ಟು ಅಂಜಿದ್ರ ನನಗ ಅಂಜಾಕ ಜಾಗಾನೇ ಉಳಿಯಂಗಿಲ್ಲ."

"ನಿನಗ ಅಂಜಿಕಿ ಇಲ್ಲೇನು?"

ಗಂಜಿಯ ಪಾತ್ರೆ ಪಕ್ಕಕ್ಕೆ ಸರಿಸಿದ. "ಅದ. ಮಕ್ಕಳು ನನ್ನ ಕೈ ಹಿಡಿಯಾಕ ಹಿಂದಮುಂದ ನೋಡ್ತಾವ. ಇದು ಹಿಂಗೇ ಉಳಿದ್ರ ಅಂತ ಅಂಜಿಕಿ. ಸಾಯೂದಕ್ಕ ಅಲ್ಲ."

ನಾನು ಅವನ ಕೈ ಹಿಡಿದೆ. ಕಟ್ಟಿಗೆಯ ಹಾಗಿತ್ತು. ಸಂಜೆವರೆಗೂ ಬಿಡಲಿಲ್ಲ.

ಹೊತ್ತು ಮುಳುಗಿದ ಮೇಲೆ ಕೌದಿ ಸರಿಸಿ ದೀಪದ ಬೆಳಕಲ್ಲಿ ನೋಡಿದೆವು. ಗುಳ್ಳೆ ಇರಲಿಲ್ಲ. ಕೆಂಪು ಛಾಯೆಯೂ ಹೋಗಿರಲಿಲ್ಲ. ಮೆಹಬೂಬಬಿ ಜೀಪಿನವರೆಗೆ ಬಂದಳು. ಅಣ್ಣನ ಮೇಲಿದ್ದ ಚಾದರವನ್ನು ನಾನು ವಾಪಸ್ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಚಿಟಗುಪ್ಪಾದಲ್ಲಿ ಬೇರೆ ಜೀಪು ಹಿಡಿದು ಹುಮನಾಬಾದ್ ಮುಟ್ಟಿದಾಗ ಹೆದ್ದಾರಿ ತೆರೆದಿತ್ತು. ರಸ್ತೆಗೆ ಉಸುಕು ಸುರಿದಿದ್ದರು. ಹೊಗೆಯ ವಾಸನೆ ಇನ್ನೂ ಗಂಟಲು ಕೊರೆಯುತ್ತಿತ್ತು. ನನ್ನ ಮನೆ ಅಲ್ಲೇ ಹತ್ತಿರವಿದ್ದರೂ ಇಳಿಯದೆ, ಅಣ್ಣನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಕಲ್ಯಾಣದ ಬಸ್ಸು ಹತ್ತಿಸಿದೆ.

ಮನೆ ಮುಂದೆ ಆಟೋ ಇಳಿದೆವು. ಓಣಿಯಲ್ಲೆಲ್ಲ ದೀಪವಿತ್ತು, ನಮ್ಮ ಮನೆಯಲ್ಲಿ ಇರಲಿಲ್ಲ. ಬಾಗಿಲು ತಳ್ಳಿದರೆ ಕತ್ತಲೆ. ಕಿಟಕಿಗಳಿಗೆಲ್ಲ ಸೀರೆ, ಕಂಬಳಿ ಕಟ್ಟಿತ್ತು. ಟ್ಯೂಬ್‌ಲೈಟೂ ಆರಿಸಿ, ಒಲೆಯ ಪಕ್ಕ ಒಂದು ಚಿಮಣಿ ದೀಪ ಹಚ್ಚಿಟ್ಟುಕೊಂಡು ವೈನಿ ಕೂತಿದ್ದಳು. ಮಕ್ಕಳನ್ನು ತವರಿಗೆ ಕಳಿಸಿದ್ದಳು.

"ಬೆಳಕು ತಾಗಬಾರದಂತ ಫೋನಿನ್ಯಾಗ ಅಂದಿದ್ರಿ. ಯಾವ ಬೆಳಕು ಅಂತ ನನಗ ಹ್ಯಾಂಗ ಗೊತ್ತಾಗಬೇಕು?" ಅಂದಳು.

ಅಣ್ಣನನ್ನು ಮಂಚದ ಮೇಲೆ ಕೂರಿಸಿ, ಕತ್ತಲಲ್ಲೇ ಅವನ ಮುಖ, ಕುತ್ತಿಗೆ, ಎರಡೂ ಕೈ ತಡವಿ ನೋಡಿದಳು. ಮಣಿಕಟ್ಟಿಗೆ ಬಂದಾಗ ನಾನು ಎಲ್ಲ ಹೇಳಿದೆ. ಬಸ್ಸು ತಿರುಗಿದ್ದು, ಸೀರೆ ಹಾರಿದ್ದು, ನಾನು ನೋಡುವಷ್ಟರಲ್ಲಿ ಬಿಸಿಲು ಬಿದ್ದದ್ದು. ಅವಳು ಕೇಳಿಸಿಕೊಳ್ಳುತ್ತಲೇ ಅವನ ಹಾಸಿಗೆ ಸರಿಮಾಡಿದಳು. ಅಣ್ಣ ಮಲಗಿದ ಮೇಲೆ ಅಡುಗೆಮನೆಯಲ್ಲಿ ನನಗೆ ರೊಟ್ಟಿ ಬಡಿಸಿ ಎದುರಿಗೆ ಕೂತಳು.

"ಸರೂ, ನಾ ನಿನಗ ಅಂಜಾಕತ್ತಿದ್ದೆ" ಅಂದಳು. "ನೀ ಮನ್ಯಾಗ ಬಂದ್ರ ಸಾಕು, ಅವರಿಗಿ ಇನ್ನೂ ಏನರ ಆಗತದೇನೋ ಅಂತ. ಹುಚ್ಚು ವಿಚಾರ ಅಂತ ಗೊತ್ತದ. ಆದ್ರೂ ಅಂಜಿಕಿ ಹೋಗಲಿಲ್ಲ."

"ನಾನೂ ನನಗ ಅಂಜಾಕತ್ತಿದ್ದೆ, ವೈನಿ."

ಅವಳು ಚಿಮಣಿ ನನ್ನ ಕಡೆ ಸರಿಸಿ, ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನನ್ನ ಮುಖ ನೋಡಿಯೇ ಹಾಕಿದಳು.

ಆಮೇಲೆ ಎರಡು ವರ್ಷ ಅದೇ ದಾರಿಯಲ್ಲಿ ಹೋಗಿಬಂದೆವು. ಮೊದಮೊದಲು ಪ್ರತಿ ಎರಡು ವಾರಕ್ಕೆ, ಆಮೇಲೆ ತಿಂಗಳಿಗೆ. ಬಾಯಿಯ ಹುಣ್ಣು ಮೊದಲು ಮಾಯಿತು. ಚರ್ಮ ಬಹಳ ನಿಧಾನಕ್ಕೆ ಮೆತ್ತಗಾಯಿತು. ಬಲಗೈ ಬೆರಳು ಪೂರ್ತಿ ಬಿಚ್ಚಿದವು, ಎಡಗೈಯವು ಇಂದಿಗೂ ಪೂರ್ತಿ ಬಿಚ್ಚಿಲ್ಲ. ಮುಂದೆ ಒಮ್ಮೆಯೂ ನಾವು ಹಗಲಿನ ಬಸ್ಸಿನಲ್ಲಿ ವಾಪಸ್ ಬರಲಿಲ್ಲ.

ಆದರೆ ಆ ಭಾನುವಾರ ಬೆಳಿಗ್ಗೆ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ನಾನು ಹುಮನಾಬಾದಿಗೆ ಹೊರಟೆ. ನರ್ಸ್ ಹೇಳಿದ ಅವಧಿ ಮುಗಿದಿತ್ತು. ಆದರೂ ಅಣ್ಣ ಬಾಗಿಲಿನವರೆಗೆ ಬಂದು ನೆರಳಿನ ಅಂಚಿನಲ್ಲೇ ನಿಂತ. ಆಟೋ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಅವನು ಒಂದು ಕಾಲು ಬಿಸಿಲಿಗೆ ಇಟ್ಟು, ಏನಾಗುತ್ತದೋ ಎಂದು ಆ ಪಾದವನ್ನೇ ನೋಡುತ್ತಿದ್ದ. ವೈನಿ ಅವನ ಹಿಂದೆ ಅಂಗಿಯ ಚುಂಗು ಹಿಡಿದುಕೊಂಡು ನಿಂತಿದ್ದಳು.